ಲ್ಯಾಪ್‌ವಿಂಗ್‌ನಲ್ಲಿ ಮಡಿಲೂ ಇಲ್ಲ, ರೆಕ್ಕೆಯೂ ಇಲ್ಲ

ನಮಸ್ಕಾರ,

ನಿಮ್ಮ ‘ಮಡಿಲ ರೆಕ್ಕೆಯ ಹಕ್ಕಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆಂದು ಬಿಡಿಸಿ ಹೇಳುತ್ತೇನೆ.

ಲ್ಯಾಪ್‌ವಿಂಗ್ ಎಂಬ ಹಕ್ಕಿಯ ಇಂಗ್ಲಿಷ್ ಹೆಸರನ್ನು ನೀವು ಲ್ಯಾಪ್ ಅಂದರೆ ಮಡಿಲು, ವಿಂಗ್ ಅಂದರೆ ರೆಕ್ಕೆ ಎಂದು ಒಡೆದಿದ್ದೀರಿ. ಮರಿಗಳನ್ನು ರೆಕ್ಕೆಯ ಮಡಿಲಲ್ಲಿ ಬಚ್ಚಿಟ್ಟುಕೊಳ್ಳುವ ತಾಯಿಯ ಚಿತ್ರವನ್ನು ಅದರ ಮೇಲೆ ಕಟ್ಟಿದ್ದೀರಿ. ಚಿತ್ರ ಚೆನ್ನಾಗಿದೆ, ಬುನಾದಿ ತಪ್ಪು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಹಕ್ಕಿಯ ಹೆಸರು ‘ಹ್ಲೇಆಪೆವಿಂಚೆ’. ಮೊದಲ ಭಾಗ ನೆಗೆತ, ಇಂದಿನ ಲೀಪ್. ಎರಡನೆಯದು ಅತ್ತಿತ್ತ ಓಲಾಡುವುದು, ಇಂದಿನ ವಿಂಕ್ ಪದಕ್ಕೆ ನಂಟು. ಬರುಬರುತ್ತಾ ಹಳೆಯ ಅರ್ಥ ಜನರಿಗೆ ಮರೆತುಹೋಯಿತು. ಹಕ್ಕಿ ಅಂದಮೇಲೆ ರೆಕ್ಕೆ ಇರಬೇಕು ಅಲ್ವಾ? ಹಾಗೆ ಹೆಸರಿನ ಕೊನೆಯಲ್ಲಿ ವಿಂಗ್ ಸೇರಿಕೊಂಡಿತು.

ನಮ್ಮಲ್ಲೂ ಇದೆ ಇಂಥದ್ದು. ಬೆಂದ ಕಾಳಿನಿಂದ ಬೆಂಗಳೂರು ಎಂಬ ವೀರಬಲ್ಲಾಳನ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಸುಮಾರು 890ರ ಬೇಗೂರಿನ ಶಾಸನದಲ್ಲೇ ಬೆಂಗಳೂರು ಎಂಬ ಹೆಸರಿದೆ. ಆಗಿನ್ನೂ ಬಲ್ಲಾಳ ಹುಟ್ಟಿರಲೇ ಇಲ್ಲ. ಹಾಗಾಗಿ ಇಂದಿನ ಕಾಗುಣಿತ ನೋಡಿ ಪದ ಒಡೆಯಬೇಡಿ. ಸಿಗುವ ಅತಿ ಹಳೆಯ ರೂಪ ಹುಡುಕಿ, ಅಲ್ಲಿಂದ ಶುರುಮಾಡಿ.

ನಿಜವಾದ ಅರ್ಥವೇ ನನಗೆ ಜಾಸ್ತಿ ಇಷ್ಟ. ವಸಂತದಲ್ಲಿ ಬ್ರಿಟನ್ನಿನ ಹೊಲಗಳ ಮೇಲೆ ಗಂಡು ಹಕ್ಕಿ ಸರ್ರನೆ ಮೇಲೇರುತ್ತದೆ, ಹೊರಳುತ್ತದೆ, ಇನ್ನೇನು ನೆಲಕ್ಕೆ ಬಿತ್ತು ಅನ್ನುವಾಗ ಮತ್ತೆ ಏರುತ್ತದೆ. ಯಾರೋ ಅದನ್ನು ಕಣ್ಣಾರೆ ನೋಡಿಯೇ ‘ನೆಗೆದು ಓಲಾಡುವುದು’ ಎಂದು ಕರೆದಿದ್ದಾರೆ. ಇದರ ವೈಜ್ಞಾನಿಕ ಹೆಸರು ವನೆಲಸ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ಚಿಕ್ಕ ಮೊರ! ಅಮ್ಮ ಕಾಳು ಕೇರುವುದನ್ನು ನೋಡಿದ ನಮ್ಮ ಓದುಗರಿಗೆ ಆ ಅಗಲ ರೆಕ್ಕೆಯ ಬಡಿತ ಥಟ್ಟನೆ ಕಾಣುತ್ತದೆ. ಇದು ನಿಮ್ಮ ಲೇಖನದಲ್ಲಿ ಇಲ್ಲವಲ್ಲ ಎಂದು ಬೇಸರವಾಯಿತು.

ಇನ್ನೊಂದು ಮಾತು. ನೀವು ಬಣ್ಣಿಸಿದ್ದು ಕಣ್ಣಿನ ಮುಂದೆ ಕೆಂಪು ತೊಗಲಿರುವ ನಮ್ಮ ಟಿಟ್ಟಿಭವನ್ನು. ಇಂಗ್ಲಿಷರು ಆ ಹಳೆಯ ಹೆಸರಿಟ್ಟದ್ದು ತಮ್ಮೂರಿನ ಉದ್ದ ಜುಟ್ಟಿನ ಹಕ್ಕಿಗೆ. ಎರಡೂ ಒಂದೇ ಕುಲ, ಆದರೆ ಬೇರೆ ಬೇರೆ ಹಕ್ಕಿ. ನಮ್ಮದಕ್ಕೆ ಲ್ಯಾಪ್‌ವಿಂಗ್ ಎಂಬ ಹೆಸರು ಅಂಟಿದ್ದು ಆಮೇಲೆ.

ಕೆರೆಯಂಗಳದಲ್ಲಿ ಗೂಡಿನ ಹತ್ತಿರ ಹೋದಾಗ ಟಿಟ್ಟಿಭ ಕೂಗಿ ಕೂಗಿ ನಿಮ್ಮನ್ನು ಅಟ್ಟಿದ ಭಾಗ ಇದೆಯಲ್ಲ, ಅದರ ಒಂದು ಸಾಲನ್ನೂ ಮುಟ್ಟಬೇಡಿ. ಮೊದಲ ಎರಡು ಪುಟ ತೆಗೆದು, ಹೊಸದಾಗಿ ಬರೆದು ಕಳಿಸಿ. ನಾನೇ ಓದುತ್ತೇನೆ.