ಓದುಗರ ಪ್ರಶ್ನೆ: ಮಗನ ಸ್ವರ ಒಡೆಯುತ್ತಿದೆ, ಸಾಧನೆ ಜಾಸ್ತಿ ಮಾಡಿಸಬೇಕಾ?

ಪ್ರಶ್ನೆ: ಮಗ 9ನೇ ತರಗತಿ. ಸಣ್ಣವನಿದ್ದಾಗಿಂದ ಸಂಗೀತ ಕಲಿಯುತ್ತಿದ್ದಾನೆ, 5 ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ 5ನೇ ಬಿಳಿ ಮನೆಯ ಎತ್ತರ) ಸಲೀಸಾಗಿ ಹಾಡುತ್ತಿದ್ದ. ಈಗ ತಾರ ಷಡ್ಜ (ಮೇಲಿನ ‘ಸ’) ಮುಟ್ಟಿದರೆ ಸ್ವರ ಒಡೆಯುತ್ತದೆ. ಉಪಜಿಲ್ಲಾ ಕಲೋತ್ಸವ (ಶಾಲಾ ಮಕ್ಕಳ ಕಲಾಸ್ಪರ್ಧೆ) ಹತ್ತಿರ ಬಂತು. ಬೆಳಗ್ಗೆ ಎದ್ದು ಗಟ್ಟಿಯಾಗಿ ಸಾಧನೆ ಮಾಡಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಹೌದಾ?
– ಓದುಗರು, ಬದಿಯಡ್ಕ

ಉತ್ತರ: ದಯವಿಟ್ಟು ಬೇಡ. ಇದು ಸಾಧನೆ ಕಡಿಮೆಯಾಗಿ ಬಂದದ್ದಲ್ಲ, ವಯಸ್ಸಿನಿಂದ ಬಂದದ್ದು. ಈ ಪ್ರಾಯದಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಒಳಗಿನ ಸ್ವರತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಎಲ್ಲ ಮುಗಿಯುವಾಗ ಸ್ವರ ಹೆಚ್ಚುಕಡಿಮೆ ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕೆಳಗೆ ಇಳಿದಿರುತ್ತದೆ. ನಿನ್ನೆ ಮುಟ್ಟಿದ ಜಾಗ ಇವತ್ತು ಸಿಗದಿದ್ದರೆ ಅದು ಅವನ ಸೋಮಾರಿತನ ಅಲ್ಲ ಅಲ್ವಾ? ಒತ್ತಿ ಹಾಡಿಸಿದರೆ ಕುತ್ತಿಗೆ ಬಿಗಿ ಹಿಡಿದು ಹಾಡುವ ಅಭ್ಯಾಸ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸುವುದು ಆಮೇಲೆ ದೊಡ್ಡ ಕೆಲಸ.

ಮೊದಲು ಶ್ರುತಿ ಇಳಿಸಿ. ದೊಡ್ಡ ಗಂಡಸರು ಸಾಮಾನ್ಯವಾಗಿ 1ರಿಂದ 2 ಮನೆಯಲ್ಲಿ ಹಾಡುತ್ತಾರೆ, ಅವನು ಈಗ ನಡುವೆ ಎಲ್ಲೋ ಇದ್ದಾನೆ. ಮಂದ್ರ ಪಂಚಮ (ಕೆಳಗಿನ ‘ಪ’) ಕೇಳುವ ಹಾಗೆ, ಮೇಲೆ ಹೋದಾಗ ಗಲ್ಲ ಎತ್ತಬೇಕಾಗದ ಹಾಗೆ ಎಲ್ಲಿ ಬರುತ್ತದೋ ಅದೇ ಅವನ ಇವತ್ತಿನ ಶ್ರುತಿ, ಮುಂದಿನ ತಿಂಗಳು ಬೇರೆಯಾದರೂ ಗಾಬರಿ ಬೇಡ. ಎಲೆಕ್ಟ್ರಾನಿಕ್ ತಂಬೂರಿ ಇರುವುದು ಮತ್ತೆ ಯಾಕೆ! ಸಾಧನೆಗೆ ಮೊದಲು ಬಾಯಿ ಮುಚ್ಚಿ ಮೆಲ್ಲಗೆ ‘ಮ್’ ಅನ್ನಲಿ, ಆಮೇಲೆ ಸರಳೆ ವರಸೆಯನ್ನು (ಆರಂಭದ ಸ್ವರಪಾಠ) ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ, ‘ಆ’ ಅನ್ನುತ್ತಾ ಅಕಾರದಲ್ಲಿ ಹಾಡಲಿ. ಗಮಕ (ಸ್ವರವನ್ನು ಅಲುಗಿಸಿ ಹಾಡುವುದು) ಬಂದಾಗ ದವಡೆ ಅಲ್ಲಾಡುತ್ತಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಲಿ.

ಸ್ಪರ್ಧೆಗೆ ಒಂದು ದಾರಿ ಇದೆ. ಟೀಚರ್ ಒಪ್ಪಿದರೆ ನಾದನಾಮಕ್ರಿಯೆ, ಪುನ್ನಾಗವರಾಳಿಯಂಥ ರಾಗದ ಕೃತಿ ಆರಿಸಿಕೊಳ್ಳಿ. ಇವು ನಿಷಾದಾಂತ್ಯ ರಾಗಗಳು, ಮೇಲೆ ನಿಷಾದದಲ್ಲೇ (‘ನಿ’) ನಿಲ್ಲುತ್ತವೆ, ತಾರ ಷಡ್ಜದ ಗೊಡವೆಯೇ ಇಲ್ಲ. ನಾದನಾಮಕ್ರಿಯೆಯಂತೂ ಮಾಯಾಮಾಳವಗೌಳ ರಾಗದಿಂದ ಹುಟ್ಟಿದ್ದು (ಜನ್ಯ), ಸರಳೆ ವರಸೆಯಲ್ಲಿ ಕಲಿತ ಸ್ವರಗಳೇ ಇರುವುದು. ಅಬ್ಬರ ಇಲ್ಲ ಅಂತ ಅಂಕ ಒಂದೆರಡು ಹೋದರೆ ಹೋಗಲಿ ಬಿಡಿ. ಸ್ವರ ಏಳದ ದಿನ ತಾಳ ಹಾಕಿ ಸಾಹಿತ್ಯ ಗಟ್ಟಿ ಮಾಡಲಿ, ವೀಣೆಯೋ ಪಿಟೀಲೋ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಯಕ್ಷಗಾನದಲ್ಲಿ ಪದ ಹಾಡುವ ಹವ್ಯಾಸಿ ಭಾಗವತ ನಾನು. ಆಟದ ಮರುದಿನ ಮಾತೇ ಹೊರಡುವುದಿಲ್ಲ. ಶಾಸ್ತ್ರೀಯ ಸಂಗೀತ ಕಲಿತರೆ ಸರಿಯಾದೀತಾ?
– ಓದುಗರು, ಕುಂಬಳೆ

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ನೀವು, ಭಾಗವತಿಕೆ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಕಲಿತರೆ ಒಳ್ಳೆಯದೇ, ಆದರೆ ತೊಂದರೆ ಹೆಚ್ಚಾಗಿ ಚೆಂಡೆಯ ಪಕ್ಕದಲ್ಲಿದೆ. ಸುತ್ತಲಿನ ಸದ್ದು ಏರಿದಷ್ಟೂ ನಮಗೆ ಗೊತ್ತಿಲ್ಲದೆಯೇ ನಾವು ಸ್ವರ ಏರಿಸುತ್ತೇವೆ. ನಿಮ್ಮ ಪದ ನಿಮಗೇ ಕೇಳುವ ಹಾಗೆ ಒಂದು ಸಣ್ಣ ಸ್ಪೀಕರ್ ನಿಮ್ಮ ಕಡೆ ತಿರುಗಿಸಿ ಇಡಿಸಿ, ಶ್ರುತಿ ಅರ್ಧ ಮನೆ ಇಳಿಸಿ ನೋಡಿ. ಮರುದಿನ ಪಿಸುಗುಟ್ಟಿ ಮಾತಾಡಬೇಡಿ, ಅದು ವಿಶ್ರಾಂತಿ ಅಲ್ಲ. ಸುಮ್ನೆ ಇರಿ. ಗಂಟಲು ಕೆರೆದು ಕ್ಯಾಕರಿಸುವುದೂ ಬೇಡ, ಅದರಿಂದ ಸ್ವರತಂತುಗಳು ಒಂದಕ್ಕೊಂದು ಬಡಿಯುತ್ತವೆ. ಕರ್ಕಶತನ 3 ವಾರ ದಾಟಿದರೆ ಇಎನ್‌ಟಿ ಡಾಕ್ಟರಿಗೆ ತೋರಿಸಲೇಬೇಕು. ಪುದೀನಾ ಗುಳಿಗೆ ಚೀಪಿದರೆ ತಂಪೆನಿಸುತ್ತದೆ, ನೋವು ಗೊತ್ತಾಗುವುದಿಲ್ಲ, ನೀವು ಮತ್ತೂ ಕೂಗುತ್ತೀರಿ.

ಪ್ರಶ್ನೆ: ಸಂಗೀತ ಕಚೇರಿ ನಡುವೆ ಬಿಸಿನೀರು ಕುಡಿದರೆ ಸ್ವರ ತೆರೆಯುತ್ತದಾ?
– ಓದುಗರು, ಮಂಜೇಶ್ವರ

ಉತ್ತರ: ಕುಡಿದ ನೀರು ಅನ್ನನಾಳದಲ್ಲಿ ಇಳಿಯುತ್ತದೆ, ಸ್ವರತಂತುವಿಗೆ ತಾಗುವುದೇ ಇಲ್ಲ. ಬಾಯಿ ಒಣಗಿದ್ದಕ್ಕೆ ಹಿತ, ಅಷ್ಟೇ. ಇಡೀ ದಿನ ಸ್ವಲ್ಪ ಸ್ವಲ್ಪ ಕುಡಿಯುತ್ತಾ ಇದ್ದರೆ ಮೈಯ ಮೂಲಕ ಅಲ್ಲಿಗೂ ಪಸೆ ಸಿಗುತ್ತದೆ. ನೇರವಾಗಿ ಅಲ್ಲಿಗೆ ತಲುಪುವುದು ಉಸಿರಿನಲ್ಲಿ ಎಳೆದುಕೊಂಡ ಹಬೆ ಮಾತ್ರ.