ಕಂಪ್ರೆಸರ್ ಅಲ್ಲ, ಮೊದಲು ಫ್ಯಾನ್ ನೋಡಿ

ಫ್ರೀಜರಿನಲ್ಲಿ ಐಸ್ ಕಟ್ಟುತ್ತಿದ್ದರೂ ಕೆಳಗಿಟ್ಟ ಹಾಲು ಕೆಡುತ್ತಿದೆ, ಹಿಂಬದಿಯಿಂದ ಬರುವ ಕರಕರ ಸದ್ದು ಬಾಗಿಲು ತೆರೆದ ಕೂಡಲೇ ನಿಲ್ಲುತ್ತದೆ ಎಂದು ಮುಂಬಯಿ ಬಳಿಯ ಡೊಂಬಿವಲಿಯಿಂದ ಬರೆದಿದ್ದೀರಿ. ಮೆಕ್ಯಾನಿಕ್ ಹೇಳಿದಂತೆ ಕಂಪ್ರೆಸರ್ ಬದಲಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ನನಗೆ ಹಾಗೆ ತೋರುವುದಿಲ್ಲ. ಐಸ್ ಗಟ್ಟಿಯಾಗಿ ಕಟ್ಟುತ್ತಿದೆಯೆಂದರೆ ಕಂಪ್ರೆಸರ್ ತನ್ನ ಕೆಲಸ ಮಾಡುತ್ತಿದೆ. ಮಂಜನ್ನು ತಾನಾಗಿಯೇ ಕರಗಿಸಿಕೊಳ್ಳುವ ಫ್ರಾಸ್ಟ್-ಫ್ರೀ ಫ್ರಿಜ್‌ಗಳಲ್ಲಿ ತಂಪು ಗಾಳಿಯನ್ನು ಕೆಳಗಿನ ಭಾಗಕ್ಕೆ ತಳ್ಳುವುದು ಫ್ರೀಜರಿನ ಹಿಂಬದಿಯ ಫಲಕದೊಳಗಿನ ಫ್ಯಾನ್. ಬಾಗಿಲು ತೆರೆದಾಗ ನಿಲ್ಲುವಂತೆ ಅದನ್ನು ಸಾಮಾನ್ಯವಾಗಿ ಬಾಗಿಲ ಸ್ವಿಚ್ಚಿಗೆ ಜೋಡಿಸಿರುತ್ತಾರೆ. ಆದ್ದರಿಂದ ಆ ಫ್ಯಾನಿನ ರೆಕ್ಕೆ ಒಳಗೆ ಕಟ್ಟಿಕೊಂಡ ಮಂಜುಗಡ್ಡೆಗೆ ತಗಲುತ್ತಿರುವ ಸಂಭವವೇ ಹೆಚ್ಚು.

ಏನನ್ನೂ ಬಿಚ್ಚುವ ಮೊದಲು ಪ್ಲಗ್ ತೆಗೆದು, ಸಾಮಾನು ಖಾಲಿ ಮಾಡಿ, ಕೆಳಗೆ ಹಳೆಯ ಟವೆಲ್ ಹಾಸಿ, ಎರಡೂ ಬಾಗಿಲುಗಳನ್ನು 24 ಗಂಟೆ ತೆರೆದಿಡಿ. ಮಂಜುಗಡ್ಡೆಯನ್ನು ಚಾಕುವಿನಿಂದ ಕೆರೆಯಲೇಬೇಡಿ. ಗ್ಯಾಸಿನ ಕೊಳವೆ ತೂತಾದರೆ ದೊಡ್ಡ ಖರ್ಚು ನಿಜವಾಗಿಯೂ ಬಂದೀತು. ಮತ್ತೆ ಚಾಲೂ ಮಾಡಿದ ಮೇಲೆ, ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರಿನ ಬಾಗಿಲು ತೆರೆದು, ಚೌಕಟ್ಟಿನಲ್ಲಿ ಸ್ವಿಚ್ಚಿನ ಗುಂಡಿಯಿದ್ದರೆ ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿ ಬೀಸದಿದ್ದರೆ ಫ್ಯಾನಿನ ಮೋಟಾರನ್ನೋ ಅದರ ತಂತಿಯನ್ನೋ ಪರೀಕ್ಷಿಸಬೇಕು.

ಗಾಳಿ ಚೆನ್ನಾಗಿ ಬಂದು, ಒಂದೆರಡು ವಾರಗಳಲ್ಲಿ ಅದೇ ಸದ್ದು ಮರುಕಳಿಸಿದರೆ ದೋಷ ಫ್ಯಾನಿನದಲ್ಲ. ಮಂಜನ್ನು ಕರಗಿಸುವ ಡಿಫ್ರಾಸ್ಟ್ ಹೀಟರ್, ಅದರ ಸೆನ್ಸರ್, ಕರಗಿದ ನೀರು ಇಳಿಯುವ ತೂತು ಇವುಗಳನ್ನು ನೋಡುವಂತೆ ಮೆಕ್ಯಾನಿಕ್‌ಗೆ ಸ್ಪಷ್ಟವಾಗಿ ಹೇಳಿ. ಮುಂಬಯಿಯ ಮಳೆಗಾಲದ ತೇವ ಸಡಿಲವಾದ ಬಾಗಿಲ ರಬ್ಬರಿನ ಮೂಲಕ ಒಳನುಗ್ಗಿದರೂ ಮಂಜು ಹೀಗೆಯೇ ಕಟ್ಟುತ್ತದೆ. ಬಾಗಿಲಿಗೆ ಕಾಗದದ ಹಾಳೆ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ರಬ್ಬರನ್ನು ಬದಲಿಸಿ.