ಡಿಸ್ಚಾರ್ಜ್‌ಗೆ ಮೊದಲು ಥೆರಪಿಸ್ಟ್ ನಮ್ಮ ಮನೆಗೂ ಬಂದು ನೋಡಬೇಕಾ?

ನಿಮ್ಮ ಅತ್ತೆಯವರಿಗೆ ಬಿದ್ದು ಸೊಂಟದ ಮೂಳೆ ಮುರಿದು ಶಿವಮೊಗ್ಗದಲ್ಲಿ ಆಪರೇಷನ್ ಆಗಿದೆ. ಮುಂದಿನ ವಾರ ಹೊಸನಗರದ ಕಡೆಯ ಮನೆಗೆ ಕರೆದುಕೊಂಡು ಹೋಗಬೇಕು. ಪಕ್ಕದ ಬೆಡ್‌ನವರ ಮನೆಗೆ ಆಕ್ಯುಪೇಷನಲ್ ಥೆರಪಿಸ್ಟ್ (ಸ್ನಾನ, ಓಡಾಟದಂಥ ದಿನನಿತ್ಯದ ಕೆಲಸ ರೋಗಿಗಳು ಮತ್ತೆ ಮಾಡಿಕೊಳ್ಳುವ ಹಾಗೆ ನೆರವಾಗುವವರು) ಹೋಗಿ ನೋಡಿ ಬಂದರು, ನಿಮಗೆ ಮಾತ್ರ "ಫೋಟೋ, ಅಳತೆ ಕಳಿಸಿ ಸಾಕು" ಅಂದರು. ಹೀಗೇಕೆ ಅಂತ ಕೇಳಿದ್ದೀರಿ.

ನಾನೂ ಇದೇ ಕೆಲಸದವಳು, ಶಿವಮೊಗ್ಗದಲ್ಲೇ ಇರುವವಳು. ನಿಮ್ಮನ್ನು ಕಡೆಗಣಿಸಿದರು ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ಹೋಗುವುದೋ ಬೇಡವೋ ಅನ್ನೋದನ್ನು ಕಾಯಿಲೆ ಎಷ್ಟು ದೊಡ್ಡದು ಅನ್ನೋದರ ಮೇಲೆ ನಾವು ತೀರ್ಮಾನ ಮಾಡುವುದಿಲ್ಲ. ನಾನು ಕೇಳಿಕೊಳ್ಳುವುದು ಒಂದೇ. ಮನೆ ನೋಡಿ ಬಂದ ಮೇಲೆ ನನ್ನ ಸಲಹೆ ಬದಲಾಗುತ್ತಾ? ವಾರ್ಡ್‌ನಲ್ಲಿ ಕಂಡದ್ದು, ಮನೆಯವರು ಹೇಳಿದ್ದು, ಫೋಟೋದಲ್ಲಿ ಇರೋದು ಮೂರೂ ತಾಳೆಯಾದರೆ ಸಾಮಾನ್ಯವಾಗಿ ಹೋಗುವ ಅಗತ್ಯ ಇರುವುದಿಲ್ಲ. ತಾಳೆಯಾಗದಿದ್ದರೆ ಹೋಗಲೇಬೇಕು.

ವಾರ್ಡ್‌ನಲ್ಲಿ ನಾವು ನೋಡುವುದು ಸಣ್ಣ ಸಣ್ಣ ಕೆಲಸಗಳನ್ನು. ಮಂಚದಿಂದ ತಾವೇ ಏಳುತ್ತಾರಾ, ಕಮೋಡ್ ಮೇಲೆ ಕೂತು ಏಳುತ್ತಾರಾ, ವಾಕರ್ ಹಿಡಿದು ತಿರುಗುವಾಗ ತಡಬಡಾಯಿಸುತ್ತಾರಾ, ಹೇಳಿದ ಜಾಗ್ರತೆ ಮರುದಿನ ನೆನಪಿರುತ್ತಾ. ಈ ಕೊನೆಯದು ಬಹಳ ಮುಖ್ಯ, ನೆನಪು ಅಥವಾ ಗಮನ ಕೈಕೊಟ್ಟವರ ವಿಷಯದಲ್ಲಿ ವಾರ್ಡ್ ಮತ್ತು ಫೋಟೋ ಸಾಲುವುದಿಲ್ಲ. ಲಕ್ವ ಹೊಡೆದವರಲ್ಲಿ ಕೆಲವರಿಗೆ ಒಂದು ಪಕ್ಕದ ಕಡೆ, ಹೆಚ್ಚಾಗಿ ಎಡಗಡೆ, ಗಮನವೇ ಹೋಗುವುದಿಲ್ಲ. ಕಣ್ಣು ಸರಿಯಾಗಿದ್ದರೂ ಎಡಗಡೆಯ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಅಂಥವರ ಮನೆಯ ಫೋಟೋ ನೋಡಿ ನನಗೆ ಏನೂ ಗೊತ್ತಾಗುವುದಿಲ್ಲ, ಅವರನ್ನೇ ಮನೆಯೊಳಗೆ ನಡೆಸಿ ನೋಡಬೇಕು. ಮರೆವಿನ ಕಾಯಿಲೆ ಇದ್ದವರದ್ದು ಇನ್ನೊಂದು ತರ. ಆಸ್ಪತ್ರೆಯಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ತಿಳಿಯದೆ ಪರದಾಡುವ ಅಜ್ಜಿ ತನ್ನ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಸರಾಗವಾಗಿ ಕಾಫಿ ಬೆರೆಸಬಹುದು. ಬರೀ ವಾರ್ಡ್ ನೋಡಿ "ಇವರು ಒಬ್ಬರೇ ಇರೋಕಾಗಲ್ಲ" ಅಂದುಬಿಟ್ಟರೆ ಅದು ಅನ್ಯಾಯ ಅಲ್ವಾ?

ಇವರನ್ನು ಬಿಟ್ಟರೆ, ಒಂಟಿಯಾಗಿ ಅಥವಾ ವಯಸ್ಸಾದ ಯಜಮಾನರ ಜೊತೆ ಇರುವವರು, ಮೊದಲ ಸಲ ವೀಲ್‌ಚೇರ್ ಬಳಸುವವರು, ಹಿಂದೆಯೂ ಬಿದ್ದಿದ್ದವರು. ಇವರ ಮನೆ ನೋಡಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಇದಕ್ಕೆ ಆಧಾರವೂ ಇದೆ. 1999ರಲ್ಲಿ ಸಿಡ್ನಿಯಲ್ಲಿ 530 ಹಿರಿಯರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಥೆರಪಿಸ್ಟ್ ಮನೆಗೆ ಹೋಗಿ ಬದಲಾವಣೆ ಮಾಡಿಸಿದಾಗ, ಹಿಂದಿನ ವರ್ಷ ಬಿದ್ದಿದ್ದವರು ಮತ್ತೆ ಬೀಳುವ ಸಾಧ್ಯತೆ ಮೂರನೇ ಒಂದರಷ್ಟು ಇಳಿದಿತ್ತು. ಆದರೆ ಎಲ್ಲರ ಮನೆಗೂ ಹೋಗಬೇಕು ಅನ್ನೋದಕ್ಕೆ ಅಂಥ ಬಲ ಸಿಕ್ಕಿಲ್ಲ. 2016ರಲ್ಲಿ ಆಸ್ಟ್ರೇಲಿಯಾದಲ್ಲೇ 70 ದಾಟಿದ 400 ರೋಗಿಗಳನ್ನು ಹೋಲಿಸಿ ನೋಡಿದರು. ಡಿಸ್ಚಾರ್ಜ್‌ಗೆ ಮೊದಲು ಮನೆ ನೋಡಿಸಿಕೊಂಡವರಿಗೂ ಆಸ್ಪತ್ರೆಯಲ್ಲೇ ಕೂತು ವಿವರವಾಗಿ ಮಾತಾಡಿದವರಿಗೂ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಫೋಟೋ ಕೇಳಿದರು ಅಂದರೆ ಸುಮ್ನೆ ಸಾಗಹಾಕಿದರು ಅಂತಲ್ಲ.

ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸೊಂಟದ ಆಪರೇಷನ್ ಆದವರನ್ನು ಬರೀ ಮನೆ ತೋರಿಸಲಿಕ್ಕೆ ಹೊಸನಗರದವರೆಗೆ ಕಾರಲ್ಲಿ ಕೂರಿಸಿಕೊಂಡು ಹೋಗಿ ವಾಪಸ್ ತರುವುದು ಅವರಿಗೆ ಹಿಂಸೆ. ಥೆರಪಿಸ್ಟ್ ಒಬ್ಬರೇ ಹೋದರೂ ಒಂದು ದಿನ ಪೂರ್ತಿ ಅದಕ್ಕೇ ಆಗುತ್ತೆ, ಅಷ್ಟು ಹೊತ್ತು ವಾರ್ಡ್‌ನಲ್ಲಿ ಉಳಿದವರಿಗೆ ಯಾರೂ ಇರುವುದಿಲ್ಲ. ನಮ್ಮ ಕಡೆ ಈ ಕೆಲಸದವರೇ ಕಮ್ಮಿ. ಪಕ್ಕದ ಬೆಡ್‌ನವರ ಮನೆ ಊರೊಳಗೇ ಇದ್ದಿರಬಹುದು, ವಿಚಾರಿಸಿ ನೋಡಿ.

ಈಗ ನಿಮ್ಮ ವಿಷಯ. ನೀವು ಕಳಿಸುವ ಫೋಟೋದಲ್ಲಿ ನನಗೆ ಭಯ ಇರುವುದು ಬಚ್ಚಲುಮನೆ ಬಗ್ಗೆ. ಎಲ್ಲರೂ ನಡುಮನೆ, ಮಂಚ, ಹೊಸದಾಗಿ ಹಾಕಿಸಿದ ಕಮೋಡ್ ಫೋಟೋ ತೆಗೆದು ಕಳಿಸುತ್ತಾರೆ. ಮಲೆನಾಡಿನ ಹಳೇ ಮನೆಯಲ್ಲಿ ಬಚ್ಚಲು ಹಿಂದುಗಡೆ, ಎರಡು ಮೆಟ್ಟಿಲು ಇಳಿದು, ಅರ್ಧ ಬಯಲಿನಲ್ಲಿ ಇರುತ್ತೆ. ಆರಿದ್ರಾ ಮಳೆ ಹಿಡಿದ ಮೇಲೆ ಆ ಮೆಟ್ಟಿಲ ಕಲ್ಲಿಗೆ ಹಸಿರು ಪಾಚಿ. ಒಳಗೆ ಒಲೆ, ಮೇಲೆ ಹಂಡೆ, ಅದರಿಂದ ಚೊಂಬಿನಲ್ಲಿ ಬಗ್ಗಿ ಬಗ್ಗಿ ನೀರು ತೋಡಬೇಕು. ಹೊಗೆಗೆ ಕಪ್ಪಾದ ಗೋಡೆ, ಮಂಕು ಬಲ್ಬು. ವಾರ್ಡ್‌ನ ಟೈಲ್ಸ್ ಮೇಲೆ ವಾಕರ್ ಹಿಡಿದು ಚೆನ್ನಾಗಿ ನಡೆದವರು ಈ ಜಾಗದಲ್ಲಿ ಒಂದು ಕೈ ಬಿಟ್ಟು ಬಗ್ಗಬೇಕಾಗುತ್ತೆ. ಆಪರೇಷನ್‌ನಲ್ಲಿ ಕೀಲು ಬದಲಿಸಿದ್ದರೆ, ತೊಡೆ 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು ಅಂತ ಡಾಕ್ಟರ್ ಕೆಲವು ವಾರ ತಡೆ ಹಾಕಿರಬಹುದು. ಹಾಗಿದ್ದರೆ ಬಚ್ಚಲ ಮಣೆ ಮೇಲೆ ಕೂತು ಸ್ನಾನ ಮಾಡುವ ಮಾತೇ ಇಲ್ಲ. ಡಾಕ್ಟರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೇಳಿ, ಮಂಚದಿಂದ ಬಚ್ಚಲವರೆಗೆ ಅತ್ತೆಯವರು ನಡೆಯುವ ದಾರಿಯನ್ನು ನಿಲ್ಲಿಸದೆ ವಿಡಿಯೋ ಮಾಡಿಸಿ. ಮಳೆ ಬರುವಾಗಲೇ ಮಾಡಿದರೆ ಒಳ್ಳೆಯದು. ನಿಂತು ಮೇಲಿನಿಂದ ತೆಗೆದ ಫೋಟೋದಲ್ಲಿ ಹೊಸ್ತಿಲು ಎಷ್ಟು ಎತ್ತರ ಅಂತ ಕಾಣುವುದೇ ಇಲ್ಲ. ಟೇಪ್ ಹಿಡಿದು, ಅಂಕಿ ಕಾಣುವ ಹಾಗೆ ತೆಗೆಯಬೇಕು. ಬಾಗಿಲಿನ ಅಗಲ ಬೇಕು, ಯಾಕೆಂದರೆ ವಾಕರ್‌ಗೆ ಸುಮಾರು ಎರಡು ಅಡಿ ಜಾಗ ಬೇಕು. ಮಂಚದ ಎತ್ತರವನ್ನು ಯಾರಾದರೂ ಹಾಸಿಗೆ ಮೇಲೆ ಕೂತಾಗ ಅಳೆಯಿರಿ. ಅದು ಅತ್ತೆಯವರ ಮೊಣಕಾಲಿನ ಹಿಂಬದಿಯ ಮಡಿಕೆಗಿಂತ ಕೆಳಗಿದ್ದರೆ ಏಳಲಿಕ್ಕೆ ಕಷ್ಟ. ಇಳಿಜಾರು ಮಾಡಿಸುವ ಯೋಚನೆ ಇದ್ದರೆ, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಹಲಗೆ ಇಟ್ಟು ಮುಗಿಸುವ ಕೆಲಸ ಅಲ್ಲ ಅದು.

ಇಷ್ಟೆಲ್ಲಾ ನೋಡಿದ ಮೇಲೆ ಬಹಳ ಮನೆಗಳಿಗೆ ನಾನು ಹೇಳುವುದು ಏನೂ ದುಬಾರಿಯದ್ದಲ್ಲ. ಮಳೆಗಾಲ ಮುಗಿಯುವವರೆಗೆ ಬಚ್ಚಲಿಗೆ ಕಳಿಸಬೇಡಿ. ಮಂಚದ ಹತ್ತಿರ ಕಮೋಡ್ ಚೇರ್ ಇಡಿ. ನೀರು ಹೋಗುವ ಜಾಗ ಒಳಗೇ ಇದ್ದರೆ ಅಲ್ಲಿ ಎತ್ತರದ ಕುರ್ಚಿ ಹಾಕಿ ಸ್ನಾನ ಮಾಡಿಸಿ, ನೀರು ಬೇರೆಯವರು ತಂದುಕೊಡಲಿ. ಇದನ್ನು ಅತ್ತೆಯವರ ಎದುರಿಗೇ ಮಾತಾಡಿ, ಅವರು ಒಪ್ಪಬೇಕು. ಹಂಡೆ ಒಲೆಗೆ ಬೆಂಕಿ ಹಾಕುವುದು ಅವರದ್ದೇ ಕೆಲಸ ಆಗಿದ್ದರೆ, ಬೇಡ ಅಂದ ಮಾತ್ರಕ್ಕೆ ಬಿಡುವುದಿಲ್ಲ. ನೀವು ತೋಟಕ್ಕೆ ಹೋದಾಗ ಹೋಗಿಯೇ ಹೋಗುತ್ತಾರೆ. ಹಾಗೆ ಅನ್ನಿಸಿದರೆ ಥೆರಪಿಸ್ಟ್‌ಗೆ ಅದನ್ನೇ ಹೇಳಿ. ಅವರು ಮನೆಗೆ ಬರುವ ಬಗ್ಗೆ ಮತ್ತೆ ಯೋಚಿಸಲಿಕ್ಕೆ ಅದು ನಿಜವಾದ ಕಾರಣ. ಬರಲು ಆಗುವುದೇ ಇಲ್ಲ ಅಂದರೆ, ಮನೆಗೆ ಹೋದ ಮೊದಲ ವಾರದಲ್ಲಿ ಒಂದು ಫೋನ್ ಕರೆಗೆ ದಿನ ಗೊತ್ತುಮಾಡಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಇದ್ದರೆ ಅವರಿಗೊಂದು ಪತ್ರವನ್ನೂ ಈಗಲೇ ಬರೆಸಿಕೊಳ್ಳಿ.